ನಲವತ್ತನೇ ಚೀಟಿ

ಅಕ್ಟೋಬರ್ 7, ಸೋಮವಾರ. ಸಂಜೆ

ದಾನ ಮಾಡಿಲ್ಲ. ದೊಡ್ಡ ಮನುಷ್ಯ ಅನ್ನಿಸಿಕೊಳ್ಳೋಕೂ ಮಾಡಿಲ್ಲ. ಆ ಜಾಗ ನನ್ನದಾಗಿರಲೇ ಇಲ್ಲ. ಅವಳದು! ಹತ್ತು ಸಲ ಹೇಳಿದೆ. ಅಕ್ಕ ಕೇಳಿದರೆ ತಾನೇ? ಅಡುಗೆಮನೆಯಲ್ಲಿ ಸೌಟು ಬೀಸಿ ಬೀಸಿ ಕಿರುಚಿದಳು.

"ಅಜ್ಜಿ ಹಲ್ಲುನೋವು ನಿಂಗೆ ತಮಾಷೆನಾ ಡೀನ್? ಮೂರು ವಾರದಿಂದ ಬರೀ ಸೂಪ್ ಕುಡೀತಿದಾಳೆ!"

"ನಂಗೊತ್ತಿಲ್ವಾ? ದಿನಾ ಡಬ್ಬಿ ತೆಗೆದು ಬಿಸಿ ಮಾಡೋನು ಯಾರು, ನಿನ್ ಗಂಡನಾ?"

"ಕೈಗೆ ಬಂದಿತ್ತಲ್ಲೋ ಚೀಟಿ!"

"ಅವಳ ಚೀಟಿ ಅಂದ್ನಲ್ಲ ಲೀಆನ್! ಕಿವಿ ಇಲ್ವಾ?"

ಬರೆಯದಿದ್ದರೆ ಏನಾದರೂ ಒಡೆಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ನಮ್ಮ ಊರು ಸಂಡರ್‌ಲ್ಯಾಂಡಿಗೆ ಹೊಸ ಹಲ್ಲಿನ ಡಾಕ್ಟರ್ ಬಂದಿದ್ದಾರೆ. ಸರ್ಕಾರಿ ದರದಲ್ಲಿ ನೋಡೋರು, ಇಲ್ಲಿ ಅಪರೂಪ. ಇವತ್ತು ನಲವತ್ತು ಹೆಸರು ಮಾತ್ರ, ಒಂದು ಹೆಸರಿಗೆ ಒಂದು ಚೀಟಿ. ಮನೆಯವರ ಪರವಾಗಿ ಬೇರೆಯವರು ನಿಲ್ಲಬಹುದು. ಬೆಳಿಗ್ಗೆ ಆರಕ್ಕೇ ಹೋಗಿ ನಿಂತೆ. ಸಮುದ್ರದ ಗಾಳಿ. ಕಿವಿ ಉದುರಿಹೋಗುವಷ್ಟು ಚಳಿ. ನನ್ನ ಮುಂದೆ ನೇರಳೆ ಕೋಟಿನ ಹೆಂಗಸು. ಏಳೂಮುಕ್ಕಾಲಿಗೆ ತಿರುಗಿ ಕೇಳಿದಳು, "ಕಾರು ಎಲ್ಲೋ ನಿಲ್ಲಿಸಬಾರದ ಕಡೆ ನಿಲ್ಲಿಸಿ ಬಂದುಬಿಟ್ಟಿದೀನಿ ಕಣಪ್ಪ. ಐದೇ ನಿಮಿಷ... ಜಾಗ ನೋಡ್ಕೋತೀಯಾ?"

"ಹೋಗ್ಬನ್ನಿ" ಅಂದೆ. ಅಷ್ಟೇ ಮಾತು. ಅಷ್ಟು ಸಾಕು.

ಅವಳು ಮರೆಯಾದಳೋ ಇಲ್ಲವೋ, ನರ್ಸ್ ಹೊರಗೆ ಬಂದಳು. ತಲೆ ಎಣಿಸುತ್ತಾ ಚೀಟಿ ಹಂಚಿದಳು. ನನ್ನ ಕೈಗೆ ನಲವತ್ತು. ಕೊನೆಯದು! ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಜೇಬಿಗೆ ತುರುಕಿಕೊಂಡು ಗೋಡೆ ನೋಡುತ್ತಾ ನಿಂತೆ. ಇದನ್ನು ಅಕ್ಕನಿಗೆ ಹೇಳಿಲ್ಲ.

ಆಮೇಲೆ ಅವಳು ಓಡಿಬಂದಳು. ಏದುಸಿರು. ಚೀಟಿ ಮುಗಿದಿದೆ ಅಂತ ಗೊತ್ತಾಯಿತು. ಜಗಳ ಆಡಿದ್ದರೆ ಖಂಡಿತ ಕೊಡುತ್ತಿರಲಿಲ್ಲ. ಆಡಲಿಲ್ಲ. ನನ್ನ ಮುಖ ಕೂಡ ನೋಡಲಿಲ್ಲ. "ನಂದೇ ತಪ್ಪು, ಸಾರಿ" ಅಂತ ನರ್ಸಿಗೆ ಹೇಳಿ ಹೊರಟೇಬಿಟ್ಟಳು. ಕ್ಯೂನಲ್ಲಿದ್ದವರೆಲ್ಲ ತಮ್ಮ ತಮ್ಮ ಶೂ ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು.

ಓಡಿಹೋಗಿ ಕೊಟ್ಟೆ. ಅವಳು ಸಾರಿ ಅಂದಳು. ನಾನೂ ಸಾರಿ ಅಂದೆ. ನರ್ಸ್ ಇಬ್ಬರಿಗೂ ಸಾರಿ ಅಂದಳು. ಓಡುವಾಗ ಒಬ್ಬ ಮುದುಕನ ಕಾಲು ತುಳಿದಿದ್ದೆ. ತುಳಿದವನು ನಾನು, ಸಾರಿ ಕೇಳಿದವನು ಅವನು!

ಅಕ್ಟೋಬರ್ 8, ಮಂಗಳವಾರ

ಟೈರ್ ಅಂಗಡಿಯಲ್ಲಿ ಎರಡು ನಟ್ಟು ಬಿಗಿ ಮಾಡೋದು ಮರೆತೆ. ಬೈಸಿಕೊಂಡೆ. ತಪ್ಪು ನನ್ನದೇ.

ಮನೆಗೆ ಬಂದರೆ ಅಜ್ಜಿ ಕಿಟಕಿ ಪಕ್ಕ ಕೂತಿದ್ದಾಳೆ. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ತಿನ್ನುತ್ತಾಳೆ. ಎರಡು ಎಣಿಸಿ ತೆಗೆದರೆ ಗಟ್ಟಿ, ನಾಲ್ಕು ಎಣಿಸಿದರೆ ಕಪ್ಪಿನೊಳಗೆ ಬೀಳುತ್ತದೆ. ಮೂರಕ್ಕೆ ಸರಿಯಾಗಿ ಎತ್ತುತ್ತಾಳೆ. ಎಡಗಡೆ ದವಡೆಗೆ ತಾಗದ ಹಾಗೆ ಬಲಕ್ಕೆ ಸರಿಸುತ್ತಾಳೆ.

"ನೋವು ಹೇಗಿದೆ?"

"ಪರವಾಗಿಲ್ಲ ಮರಿ. ಗೊಣಗಿ ಏನು ಮಾಡೋದು."

ಪರವಾಗಿಲ್ಲವಂತೆ. ಬೆಳಿಗ್ಗೆ ಐದಕ್ಕೇ ಎದ್ದು ಬಿಸಿನೀರಿನ ಚೀಲ ಕೆನ್ನೆಗೆ ಒತ್ತಿಕೊಂಡು ಕೂತಿರುತ್ತಾಳೆ. ಕಾಲು ಕತ್ತರಿಸಿದರೂ ಇವಳು ಪರವಾಗಿಲ್ಲ ಅಂತಲೇ ಹೇಳುತ್ತಾಳೆ. ಸಿಟ್ಟು ಬರುತ್ತದೆ. ಆದರೆ ಈ ಹೆಂಗಸಿನಷ್ಟು ಗಟ್ಟಿ ಜೀವ ನಾನು ನೋಡಿಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕ್ಯೂ ಬಗ್ಗೆ ಕೇಳಿದಳು. ಎಷ್ಟು ಉದ್ದ ಇತ್ತು, ಯಾರು ಯಾರು ಇದ್ದರು, ಟೀ ಯಾರು ತಂದಿದ್ದರು.

"ಆ ನೇರಳೆ ಕೋಟಿನವಳಿಗೆ ಯಾರ ಹಲ್ಲು ತೋರಿಸೋದಿತ್ತಂತೆ?"

"ಕೇಳ್ಲಿಲ್ಲ."

"ಸರಿ. ಕೇಳಬಾರದು" ಅಂದಳು. ಇನ್ನೊಂದು ಬಿಸ್ಕತ್ತು ತೆಗೆದುಕೊಂಡಳು.

ಅಕ್ಟೋಬರ್ 10, ಗುರುವಾರ

ಕ್ಲಿನಿಕ್ ಬಾಗಿಲಿಗೆ ಕಾಗದ ಅಂಟಿಸಿದ್ದಾರೆ. ಬರುವ ಸೋಮವಾರ ಬೆಳಿಗ್ಗೆ ಎಂಟಕ್ಕೆ ಇನ್ನು ಇಪ್ಪತ್ತು ಹೆಸರು. ಅಷ್ಟೇ. ಆಮೇಲೆ ಒಂದು ವರ್ಷ ಇಲ್ಲ.

ಭಾವ ವೇಯ್ನ್ ಸೋಫಾದಲ್ಲಿ ಬಿದ್ದುಕೊಂಡು ಉಪಾಯ ಹೇಳಿದ. "ನನ್ನ ದೋಸ್ತ್ ಕಾರ್ಲ್ ಮುಂದೇನೇ ನಿಂತಿರ್ತಾನೆ. ನೀನು ಎಂಟಕ್ಕೆ ಐದು ನಿಮಿಷ ಇದ್ದಾಗ ಹೋಗು. 'ಏನ್ ಗುರು, ಹೇಗಿದೀಯ' ಅಂತ ಶುರು ಮಾಡು. ಮಾತಾಡ್ತಾ ಮಾತಾಡ್ತಾ ಅಲ್ಲೇ ನಿಂತುಬಿಡು. ಮುಗೀತು."

"ಹಿಂದಿರೋರು?"

"ಏನ್ ಮಾಡ್ತಾರೆ? 'ಟ್ಚ್' ಅಂತಾರೆ. ನಿಟ್ಟುಸಿರು ಬಿಡ್ತಾರೆ. ಈ ಊರಲ್ಲಿ ಅದಕ್ಕಿಂತ ಜಾಸ್ತಿ ಯಾರಾದ್ರೂ ಏನಾದ್ರೂ ಮಾಡಿದ್ದು ನೋಡಿದೀಯಾ?"

ನಿಜ. ಮಾಡುವುದಿಲ್ಲ. ಅದೇ ನನ್ನ ತಲೆ ಕೆಡಿಸೋದು.

ಸ್ಕೂಲಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಸೀಟಿ ಊದಿ. ಮುಂದಿನವನನ್ನು ಒದೆಯುತ್ತಿದ್ದೆ. ಹದಿನೈದು ವಯಸ್ಸಿಗೆ ನಾನೂ ಅವರನ್ನು ಬಿಟ್ಟೆ, ಅವರೂ ನನ್ನನ್ನು ಬಿಟ್ಟರು. ಆದರೆ ಸೋಮವಾರದ ಕ್ಯೂನಲ್ಲಿ ಸೀಟಿ ಇರಲಿಲ್ಲ. ಹಗ್ಗ ಇರಲಿಲ್ಲ, ಪೊಲೀಸ್ ಇರಲಿಲ್ಲ. ಬಂದವರು "ನೀವೇ ಕೊನೆಯವರಾ?" ಅಂತ ಕೇಳಿ ನಿಂತರು. ಅಷ್ಟೇ ಕಾನೂನು. ಮಳೆ ಜೋರಾದಾಗ ಅರ್ಧ ಕ್ಯೂ ಬಸ್ ನಿಲ್ದಾಣದ ಮಾಡಿನ ಕೆಳಗೆ ಓಡಿತು. ಮಳೆ ನಿಂತ ಮೇಲೆ ಮತ್ತೆ ಅದೇ ಜಾಗಕ್ಕೆ. ಒಬ್ಬರೂ ಹೆಚ್ಚುಕಮ್ಮಿ ಇಲ್ಲ! ಕೆನ್ನೆ ಊದಿದವರು, ನೋವಿಗೆ ಕಣ್ಣಲ್ಲಿ ನೀರು ಬಂದವರು... ಹಾಗೇ ನಿಂತು ಹವಾಮಾನ ಮಾತಾಡುತ್ತಿದ್ದರು. ಇಂಥದ್ದನ್ನು ಯಾರೂ ಯಾರಿಗೂ ಹೇಳಿಕೊಡಲು ಆಗುವುದಿಲ್ಲ. ಹೇಗೆ ಮಾಡುತ್ತಾರೋ. ಹೇಗೆ ಮಾಡುತ್ತೇವೋ.

ವೇಯ್ನ್‌ಗೆ "ಆಗಲ್ಲ" ಅಂದೆ.

"ನಿನ್ ಇಷ್ಟ. ನೋಯ್ತಿರೋದು ನಿನ್ ಬಾಯಲ್ಲವಲ್ಲ" ಅಂದ.

ಅಕ್ಟೋಬರ್ 12, ಶನಿವಾರ. ಮಧ್ಯಾಹ್ನ

ಅಜ್ಜಿಯ ಕೆನ್ನೆ ಊದಿದೆ. ಒಂದು ಕಣ್ಣು ಅರ್ಧ ಮುಚ್ಚಿದೆ. ಸಹಾಯವಾಣಿಗೆ ಫೋನ್ ಮಾಡಿದರೆ ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಮಾತ್ರೆ ಬರೆದುಕೊಟ್ಟರು. ಊತ ಇಳಿಯಬಹುದು, ಹಲ್ಲು ಕೀಳಲೇಬೇಕು ಅಂದರು. ಯಾರು ಕೀಳುತ್ತಾರೆ? ಅದು ಅವರ ಕೆಲಸ ಅಲ್ಲವಂತೆ.

ಬಟಾಣಿ ಪುಡ್ಡಿಂಗ್ ತಂದೆ. ಮೆತ್ತಗೆ ಬೇಯಿಸಿ ಅರೆದದ್ದು, ಅಗಿಯೋದು ಬೇಡ. ಅವಳಿಗೆ ಪ್ರಾಣ. ಎರಡು ಚಮಚಕ್ಕೆ ತಟ್ಟೆ ಸರಿಸಿದಳು. ಟೀವಿ ಸದ್ದು ಜಾಸ್ತಿ ಮಾಡಿದಳು. ಯಾಕೆ ಅಂತ ಗೊತ್ತು. ನರಳೋದು ನಮಗೆ ಕೇಳಿಸಬಾರದು.

ಸಾಕು. ಆ ಕ್ಯೂ ಹಾಳಾಗಿಹೋಗಲಿ! ಕಾರ್ಲ್ ಪಕ್ಕ ಹೋಗಿ ನಿಲ್ಲುತ್ತೇನೆ. ಟ್ಚ್ ಅನ್ನಲಿ. ನಿಟ್ಟುಸಿರು ಬಿಡಲಿ. ವೇಯ್ನ್‌ಗೆ ಹೂಂ ಅಂದೆ. ಬೆನ್ನು ತಟ್ಟಿದ. ಅವನ ಕೈ ಕೊಡವಿ ಹಾಕಿದೆ.

ಅಕ್ಟೋಬರ್ 13, ಭಾನುವಾರ. ನಾಲ್ಕು ಗಂಟೆ

ಬೇಗ ಬೇಗ ಬರೆಯುತ್ತಿದ್ದೇನೆ. ಕೆಳಗೆ ಅಜ್ಜಿ ಫ್ಲಾಸ್ಕ್ ತುಂಬುತ್ತಿದ್ದಾಳೆ.

ಹಾಲು ತರಲು ಹೋದವನು ಕ್ಲಿನಿಕ್ ಮುಂದೆ ಬಂದೆ. ಬಾಗಿಲು ತೆಗೆಯಲು ಇನ್ನೂ ಹದಿನಾರು ಗಂಟೆ. ಆಗಲೇ ಒಂಬತ್ತು ಜನ! ಮಡಚುವ ಕುರ್ಚಿ, ಕಂಬಳಿ. ಇಪ್ಪತ್ತನೆಯವರಾಗಿ ಬರುವವರು ಯಾರೋ ಗೊತ್ತಿಲ್ಲ. ನಾನು ಕಾರ್ಲ್ ಪಕ್ಕ ನುಗ್ಗಿದರೆ ವಾಪಸ್ ಹೋಗುವವರು ಅವರೇ. ಏನೂ ಅನ್ನುವುದಿಲ್ಲ. "ಇರಲಿ ಬಿಡಿ" ಅಂತ ಹೋಗುತ್ತಾರೆ. ಅಷ್ಟು ಸಲೀಸು. ಅದಕ್ಕೇ ಆಗೋದಿಲ್ಲ.

ಮನೆಗೆ ಬಂದು ಕೋಟು ಹುಡುಕಿದೆ. ಈಗಲೇ ಹೋದರೆ ಹತ್ತೋ ಹನ್ನೆರಡೋ ಆಗುತ್ತೇನೆ. ನ್ಯಾಯವಾಗಿ.

"ಇಡೀ ರಾತ್ರಿ ಅಲ್ಲಿ ಕೂರ್ತೀಯಾ? ತಲೆ ನೆಟ್ಟಗಿದೆಯಾ?" ಲೀಆನ್.

"ನಿನ್ ತಲೆ ನೋಡ್ಕೋ."

"ಕಾರ್ಲ್‌ಗೆ ಹೇಳಾಗಿದೆ ಕಣೋ!" ವೇಯ್ನ್. "ನನ್ ಮರ್ಯಾದೆ ಏನಾಗ್ಬೇಕು?"

"ಅದು ಎಲ್ಲಿತ್ತು ಅಂತ ಹುಡುಕು ಮೊದಲು!"

ಅಜ್ಜಿ ಮಧ್ಯೆ ಬಂದಳು. ಊದಿದ ಬಾಯಲ್ಲೇ. ಸಮಾಧಾನ ಮಾಡಲು ಬಂದಳು ಅಂದುಕೊಂಡೆ. ಅಲ್ಲ.

"ಟೀ ನಾಲ್ಕು ಕಪ್ ಹಾಕ್ಲಾ, ಐದಾ? ಆಚೆ ಈಚೆ ಕೂತೋರಿಗೂ ಕೊಡ್ಬೇಕಲ್ಲ."

"ಐದು ಹಾಕಜ್ಜಿ."

"ಸಕ್ಕರೆ ಬೇರೆ ಕಟ್ಟಿ ಕೊಡ್ತೀನಿ. ಕೆಲವರು ಹಾಕ್ಕೊಳಲ್ಲ."

ವೇಯ್ನ್ ಇನ್ನೂ ಕೂಗುತ್ತಿದ್ದಾನೆ. ದೊಡ್ಡ ಸಂತ ಅನ್ನುತ್ತಿದ್ದಾನೆ, ದಡ್ಡ ಅನ್ನುತ್ತಿದ್ದಾನೆ, ಹದಿನೈದಕ್ಕೆ ಸ್ಕೂಲು ಬಿಟ್ಟವನಿಗೆ ಬುದ್ಧಿ ಎಲ್ಲಿಂದ ಬರಬೇಕು ಅನ್ನುತ್ತಿದ್ದಾನೆ. ಅನ್ನಲಿ. ಈ ಮನೆಯ ಮುಂಬಾಗಿಲಿನ ಗಾಜು ಮೊದಲೇ ಸಡಿಲ. ಈಗ ಕೆಳಗೆ ಹೋಗಿ, ಫ್ಲಾಸ್ಕ್ ತಗೊಂಡು, ಅಜ್ಜಿಗೆ ಬರ್ತೀನಿ ಅಂದು, ಆ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಳ್ಳುತ್ತೇನೆ ಅಂದರೆ—