ಅರ್ಧ ಬಟ್ಟಲು ಬೀಜ

ಅಕ್-ಬುಲುನ್, ಚೂಯ್ ಕಣಿವೆ
ಸೆಪ್ಟೆಂಬರ್ 9, 2006, ಶನಿವಾರ

ಪ್ರೀತಿಯ ಐಪೆರಿಯ ಅಪ್ಪನಿಗೆ,

ನಿಮ್ಮ ಉಲ್ಕಾನಳ ಸಲಾಮು. ಹೇಗಿದ್ದೀರಿ? ಕೆಮ್ಮು ಹೇಗಿದೆ? ಹೋದ ಸಲ ಫೋನಿನಲ್ಲಿ "ಏನಿಲ್ಲ ಕಣೇ, ಸಿಮೆಂಟ್ ಧೂಳು ಅಷ್ಟೇ" ಅಂದಿರಿ. ಅಷ್ಟು ಹೇಳುವಷ್ಟರಲ್ಲಿ ಎಷ್ಟು ಸಲ ಕೆಮ್ಮಿದಿರಿ ಎಂದು ನನಗೆ ಗೊತ್ತು. ಬಿಸಿ ಹಾಲಿಗೆ ಕುರಿಯ ಬಾಲದ ಕೊಬ್ಬು ಹಾಕಿ ಕುಡಿಯಿರಿ. ಈ ಕಾಗದ ತರುವ ಪಕ್ಕದ ಮನೆ ಸಗಿನ್‌ಬೆಕ್ ಅಣ್ಣನ ಕೈಲಿ ಒಂದು ಶೀಶೆ ಕಳಿಸಿದ್ದೇನೆ, ಮುಚ್ಚಳಕ್ಕೆ ಬಟ್ಟೆ ಕಟ್ಟಿದ್ದೇನೆ, ಆದರೂ ಬಸ್ಸಿನಲ್ಲಿ ಚೆಲ್ಲಿ ಅವನ ಅಂಗಿಯೆಲ್ಲ ಹಾಳಾಗುತ್ತದೋ ಏನೋ ಎಂದು ಆಗಲೇ ಚಿಂತೆ ಶುರುವಾಗಿದೆ. ಯೆಕಟೆರಿನ್‌ಬರ್ಗಿನಲ್ಲಿ ಚಳಿ ಬಂತೆ? ಬೂಟಿನ ಅಡಿ ಹೊಲಿಸಿದಿರಾ?

ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮಂಡಿ ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಗಟ್ಟಿ. ನಮ್ಮ ಐಪೆರಿ ಎರಡನೇ ತರಗತಿಗೆ ಹೋಗುತ್ತಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ, ನಗುವಾಗ ಥೇಟ್ ನಿಮ್ಮ ಅಜ್ಜನ ಹಾಗೆ ಕಾಣುತ್ತಾಳೆ. ನನ್ನ ಬರವಣಿಗೆ ನೋಡಿ ನಗಬೇಡಿ. ಅಮ್ಮ ತೀರಿಹೋದ ವರ್ಷ ಏಳನೇ ತರಗತಿಯಿಂದ ಕುರಿಯ ಹಿಂದೆ ಹೋದವಳು ನಾನು. ಅಕ್ಷರಗಳೂ ಕುರಿಯ ಹಾಗೇ ಅಡ್ಡಾದಿಡ್ಡಿ ಹೋಗುತ್ತವೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಕೋಣೆಯವರೆಲ್ಲ ಕಿವಿ ಕೊಟ್ಟು ಕೂತಿರುತ್ತಾರೆ, ನನಗೆ ಮಾತೇ ಹೊರಡುವುದಿಲ್ಲ.

ನೀವು ಕೇಳಿದ್ದು ಮರೆತಿಲ್ಲ. ಅಲ್ಲಿನ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ನನಗಾಗಿ ಮಾತಾಡಿಟ್ಟಿದ್ದೀರಿ, ತಿಂಗಳ ಕೊನೆಗೆ ಟಿಕೆಟ್ ತೆಗೆಸಬೇಕು, ಐಪೆರಿ ಅತ್ತೆಯ ಹತ್ತಿರ ಇರಲಿ, ಬರುತ್ತೀಯೋ ಇಲ್ಲವೋ ಹೇಳು ಅಂದಿರಿ. ಉತ್ತರ ಈ ಕಾಗದದಲ್ಲೇ ಇರುತ್ತದೆ. ಮೊದಲು ಬಿಷ್ಕೆಕ್‌ನಲ್ಲಿ ಆದದ್ದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉತ್ತರ ಅರ್ಥವಾಗುವುದಿಲ್ಲ.

ನಮ್ಮ ಸಕ್ಕರೆ ಕಾರ್ಖಾನೆ ಈ ಹಂಗಾಮಿಗೆ ಮತ್ತೆ ಪೂರ್ತಿ ಶುರುವಾಗುತ್ತಿದೆಯಲ್ಲ, ಆದರೆ ಪಾಕ ಕುದಿಸಿ ಹರಳು ಕಟ್ಟಿಸುವ ಹಳಬರೆಲ್ಲ ನಿಮ್ಮ ಹಾಗೇ ರಷ್ಯಾಕ್ಕೆ ಹೋಗಿದ್ದಾರೆ. ಅದಕ್ಕೆ ಇದ್ದವರನ್ನೇ ಆರಿಸಿ ತರಬೇತಿಗೆ ಕಳಿಸಿದರು. ಚೀಲ ಹೊಲಿಯುವ ನನ್ನನ್ನೂ. ಹೆಸರು ಕರೆದಾಗ ತಪ್ಪಾಗಿ ಕರೆದಿರಬೇಕು ಅಂದುಕೊಂಡು ಹಿಂದೆ ತಿರುಗಿ ನೋಡಿದೆ. ಅತ್ತೆಗಂತೂ ನಗುವೋ ನಗು. "ಸಕ್ಕರೆ ಕುದಿಸೋಕೂ ಕಾಲೇಜು ಬೇಕೇನೇ? ನಾನು ಮದುವೆಯಾದಾಗಿಂದ ಜಾಮ್ ಕುದಿಸ್ತಾ ಇದೀನಿ, ನನಗ್ಯಾವನು ಸರ್ಟಿಫಿಕೇಟ್ ಕೊಟ್ಟ?" ಅಂದರು. ಆಮೇಲೆ ಅವರೇ ದಾರಿಗೆ ಮೈದಾ ಕಲಸಿ ಬೋರ್ಸೋಕ್ ಕರಿದು ಕಟ್ಟಿಕೊಟ್ಟರು.

ಪಾಠ ಹೇಳಿದವರು ಕನೀಮ್ ಅಕ್ಕ. ಹಿಂದೆ ಕೀವ್‌ನಲ್ಲಿ ಇದೇ ವಿದ್ಯೆ ಓದಿ ಬಂದ ಎಂಜಿನಿಯರ್. ಗಿಡ್ಡ ಆಳು, ತಲೆಗೆ ಸಾದಾ ರುಮಾಲು, ಎಡ ಮಣಿಕಟ್ಟಿನಲ್ಲಿ ಹಬೆ ಸುಟ್ಟ ಗುರುತು. ಅವರಂಥವರನ್ನು ನಾನು ನೋಡಿರಲಿಲ್ಲ. ದೊಡ್ಡ ದೊಡ್ಡ ಲೆಕ್ಕಗಳನ್ನು ಬೋರ್ಡಿನ ಮೇಲೆ ಸರಸರ ಬರೆಯುತ್ತಾರೆ, ನನ್ನಂಥವಳ ಮುಖ ಬಾಡಿದ್ದು ಕಂಡರೆ ಅದನ್ನೇ ಅಡುಗೆಮನೆಗೆ ಇಳಿಸಿ ಹೇಳುತ್ತಾರೆ, ಕಾಲೇಜು ಓದಿದವರಿಗೂ ಆಗಲೇ ಪೂರ್ತಿ ತಿಳಿಯುವುದು. ಮೊದಲ ದಿನ ಕೇಳಿದರು: "ಚಳಿಗಾಲದಲ್ಲಿ ಜಾಮ್ ಶೀಶೆಯೊಳಗೇ ಸಕ್ಕರೆಗಟ್ಟುತ್ತಲ್ಲ, ಯಾಕೆ?" ನಾನು ಅತ್ತೆ ಹೇಳುವುದನ್ನೇ ಹೇಳಿಬಿಟ್ಟೆ, ಪಕ್ಕದ ಮನೆಯವಳ ಕಣ್ಣು ಬಿದ್ದು ಅಂತ. ಎಲ್ಲರೂ ಗೊಳ್ಳೆಂದರು. ಕನೀಮ್ ಅಕ್ಕ ನಗಲಿಲ್ಲ. "ಕಣ್ಣು ಬೀಳಲಿಲ್ಲಮ್ಮ, ಮುಚ್ಚಳದಲ್ಲಿ ಅಂಟಿಕೊಂಡಿದ್ದ ಒಂದೇ ಒಂದು ಹರಳು ಬಿತ್ತು" ಅಂದರು.

ಅದು ಹೀಗಂತೆ. ಪಾಕ ಗಟ್ಟಿಯಾಗುತ್ತಾ ಹೋದ ಹಾಗೆ, ತನ್ನಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಸಕ್ಕರೆಯನ್ನು ಹೊತ್ತು ನಿಂತಿರುತ್ತದೆ. ಇಳಿಸಬೇಕು, ಆದರೆ ತಾನಾಗಿ ಇಳಿಸುವುದಿಲ್ಲ. "ಔತಣದ ಮನೇಲಿ ಎಲ್ಲರಿಗೂ ಹಸಿವು, ಆದರೆ ಹಿರಿಯರೊಬ್ಬರು ಹೋಗಿ ಕೂರೋವರೆಗೂ ಬಾಗಿಲಲ್ಲೇ ನಿಂತಿರ್ತಾರಲ್ಲ, ಹಾಗೆ" ಅಂದರು ಕನೀಮ್ ಅಕ್ಕ. ಆ ಹಿರಿಯರೇ ಬೀಜ: ನುಣ್ಣಗೆ ಅರೆದು ಸ್ಪಿರಿಟ್‌ನಲ್ಲಿ ಕದಡಿದ ಸಕ್ಕರೆ. ಸರಿಯಾದ ಗಳಿಗೆಯಲ್ಲಿ ಸರಿಯಾದಷ್ಟು ಹಾಕಿದರೆ ಒಂದೊಂದು ಬೀಜದ ಸುತ್ತ ಒಂದೊಂದು ಹರಳು ಬೆಳೆಯುತ್ತದೆ. ಬೇಗ ಹಾಕಿದರೆ ಬೀಜವೇ ಕರಗಿಹೋಗುತ್ತದೆ. ತಡವಾದರೆ ಎಲ್ಲರೂ ಒಟ್ಟಿಗೆ ನುಗ್ಗಿದ ಹಾಗೆ ಪಾತ್ರೆಯ ತುಂಬ ಹಿಟ್ಟಿನಂಥ ಪುಡಿ. ಸೂಕ್ಷ್ಮದರ್ಶಕದಲ್ಲಿ ಒಳ್ಳೆಯ ಹರಳನ್ನು ತೋರಿಸಿದರು. ಅಯ್ಯೋ, ನೀವು ನೋಡಬೇಕಿತ್ತು! ಮೂಲೆ ಮೂಲೆಯೂ ಚೂಪು, ಬದಿ ಬದಿಯೂ ಕನ್ನಡಿ. ಇಷ್ಟು ವರ್ಷ ಚೀಲದಲ್ಲಿ ತುಂಬಿ ಬಾಯಿ ಹೊಲಿದದ್ದು ಇದನ್ನೇನಾ ಅನ್ನಿಸಿತು. ಇನ್ನೊಬ್ಬರು ನೋಡಲು ಕಾಯುತ್ತಿದ್ದರೂ ನನಗೆ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

ಕೊನೆಗೆ ಪರೀಕ್ಷೆ. ಬಾಯಿಮಾತಿನದು ಹೇಗೋ ಆಯಿತು. ಕೈಯದ್ದು ಕಷ್ಟ. ಕಲಿಯುವವರಿಗೆಂದೇ ಒಂದು ಸಣ್ಣ ಪ್ಯಾನ್ ಇದೆ, ಒಳಗಿನ ಗಾಳಿ ಎಳೆದು ಪಾಕ ಕುದಿಸುವ ಉಕ್ಕಿನ ಪಾತ್ರೆ. ಸಣ್ಣದೆಂದರೂ ನಮ್ಮ ದನದ ಕೊಟ್ಟಿಗೆಯಷ್ಟು ಎತ್ತರ. ಅದರಲ್ಲಿ ಒಬ್ಬೊಬ್ಬರೇ ಹರಳು ಕಟ್ಟಿಸಿ ತೋರಿಸಬೇಕು. ಪಾಸಾದವರಿಗೆ ಮಾತ್ರ ಕಾರ್ಖಾನೆಯಲ್ಲಿ ಪ್ಯಾನ್ ಕೆಲಸ, ಉಳಿದವರು ವಾಪಸ್ ಚೀಲಕ್ಕೆ. ನನ್ನ ಸರದಿ ಬಂತು. ಪಾಕದ ಎಳೆ ನೋಡಿದೆ, ಗಳಿಗೆ ಸರಿಯಾಗಿಯೇ ಹಿಡಿದೆ. ಅಳೆದಿಟ್ಟ ಬೀಜ ಅರ್ಧ ಬಟ್ಟಲು. ಆ ಪಾತ್ರೆ ನೋಡುತ್ತೇನೆ, ಈ ಬಟ್ಟಲು ನೋಡುತ್ತೇನೆ. ಇಷ್ಟು ದೊಡ್ಡದಕ್ಕೆ ಇಷ್ಟೇನಾ? ಸಾಲದೆ ಹೋದರೆ? ನಮ್ಮ ಮನೆಯಲ್ಲಿ ಬಂದವರಿಗೆ ಅಳೆದು ಕೊಟ್ಟು ಗೊತ್ತೇ? ಬರಕತ್ತಿಗೆ ಇರಲಿ, ಸಮೃದ್ಧಿಯಾಗಲಿ ಎಂದು ಮಗ್ಗುಲಲ್ಲಿದ್ದ ಡಬ್ಬಿಯಿಂದ ಇನ್ನಷ್ಟು ಸುರಿದುಬಿಟ್ಟೆ.

ಸ್ವಲ್ಪ ಹೊತ್ತಿನಲ್ಲೇ ಪಾಕ ಹಾಲಿನ ಹಾಗೆ ಬೆಳ್ಳಗಾಯಿತು. ಬೀಜ ಹೆಚ್ಚಾಗಿ ಯಾವ ಹರಳಿಗೂ ಹೊಟ್ಟೆ ತುಂಬ ಸಿಗಲಿಲ್ಲ, ಎಲ್ಲ ಪುಡಿಯಾಗಿಯೇ ನಿಂತವು. ಜರಡಿಗೆ ಹಾಕಿ ತಿರುಗಿಸಿದರೆ ಜರಡಿಯೇ ಕಟ್ಟಿಹೋಗುವಂಥ ಹಿಟ್ಟು. ನಮ್ಮ ಜತೆ ಎರ್ಮೆಕ್ ಎಂಬ ಹುಡುಗಾಟದವನೊಬ್ಬನಿದ್ದ, ಕೆಮಿಸ್ಟ್ರಿ ಓದಿದವನು. "ಉಲ್ಕಾನ್ ಅಕ್ಕಾ, ಇದು ಸಕ್ಕರೆ ಅಲ್ಲ, ಮೈದಾ. ಬೋರ್ಸೋಕ್‌ಗೆ ಎಣ್ಣೆ ಕಾಯಿಸಲಾ?" ಅಂದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕನೀಮ್ ಅಕ್ಕ ಗಾಜಿನ ತುಂಡಿನ ಮೇಲೆ ಒಂದು ಹನಿ ಸವರಿ ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. "ಮನೆಗೆ ದೊಡ್ಡ ಅತಿಥಿ ಬಂದ್ರೆ ಚಹಾ ಎಷ್ಟು ಹಾಕ್ತೀಯಮ್ಮ?" ಅಂದರು.

"ಬಟ್ಟಲಿನ ಅರ್ಧಕ್ಕಿಂತ ಕಡಿಮೆ, ಅಕ್ಕ."

"ತುಂಬ ಹಾಕಿದ್ರೆ?"

"ಕುಡಿದು ಎದ್ದು ಹೋಗಿ ಅಂದ ಹಾಗೆ."

"ಮತ್ತೆ ಈ ಹರಳುಗಳಿಗೆ ಎದ್ದು ಹೋಗಿ ಅಂತ ಯಾಕಮ್ಮ ಅಂದೆ? ಅವು ಏನು ಮಾಡಿದ್ವು ನಿನಗೆ?"

ಎಲ್ಲರೂ ನಕ್ಕರು, ನನಗೂ ಅಳುವಿನ ಮಧ್ಯೆ ನಗು ಬಂತು. ನಮ್ಮವರು ಬಹಳ ಜನ ಮೊದಲ ಸಲ ಹೀಗೇ ಬರಕತ್ತಿಗೆ ಅಂತ ಸುರಿಯುತ್ತಾರಂತೆ. "ಕೀವ್‌ನಲ್ಲಿ ನಾನೂ ಸುರಿದಿದ್ದೆ, ನಮ್ಮ ಪ್ರೊಫೆಸರು ತಲೆ ಚಚ್ಚಿಕೊಂಡ್ರು" ಅಂದರು. ಬೀಜವನ್ನಷ್ಟೇ ಅಲ್ಲ, ಆಮೇಲೆ ಬಿಡುವ ಪಾಕವನ್ನೂ ಹಾಗೇ ಚಹಾ ಹಾಕಿದಂತೆ ಬಿಡಬೇಕು, ಸ್ವಲ್ಪ ಸ್ವಲ್ಪ, ಬಟ್ಟಲು ಬರಿದಾಗಲು ಬಿಡದೆ, ತುಂಬಲೂ ಬಿಡದೆ. ಬಿಸಿನೀರು ಬಿಟ್ಟು ಆ ಹಿಟ್ಟನ್ನೆಲ್ಲ ಕರಗಿಸಿ, ಮತ್ತೆ ಕುದಿಸು ಅಂದರು.

ಎರಡನೇ ಸಲ ಅರ್ಧ ಬಟ್ಟಲು ಹಾಕಿ ಡಬ್ಬಿಯನ್ನು ಎರ್ಮೆಕ್‌ನ ಕೈಗೇ ಕೊಟ್ಟುಬಿಟ್ಟೆ. ಎಷ್ಟು ಹೊತ್ತಾದರೂ ಏನೂ ಕಾಣಲಿಲ್ಲ. ಸತ್ತೆ ಅಂದುಕೊಂಡೆ. ಗಳಿಗೆಗೊಮ್ಮೆ ಮುಟ್ಟಿ ನೋಡುವುದು, ಗಾಜಿಗೆ ಸವರಿ ಕಿಟಕಿಗೆ ಹಿಡಿಯುವುದು, ಇಷ್ಟೇ ಇಷ್ಟು ಪಾಕ ಬಿಡುವುದು, ಮತ್ತೆ ಹೋಗಿ ನೋಡುವುದು. ಎರ್ಮೆಕ್ "ಅಕ್ಕಾ, ಕೂತ್ಕೋ, ತೊಟ್ಟಿಲ ಮಗು ಅಲ್ಲ ಅದು" ಅಂದ. ಕನೀಮ್ ಅಕ್ಕ ಅವನಿಗೆ ಹೇಳಿದರು: "ಬಿಡು ಅವಳನ್ನ. ನಿಶ್ಚಿಂತೆ ಇರೋರು ಪ್ಯಾನ್ ಮುಂದೆ ತೂಕಡಿಸ್ತಾರೆ. ಇಲ್ಲಿಗೆ ಬೇಕಾಗಿರೋದು ಈ ಕಳವಳವೇ." ಮದುವೆಯಾದಾಗಿನಿಂದ ನೀವೂ ಅತ್ತೆಯೂ ಬೈದದ್ದನ್ನು ಒಬ್ಬರು ಬೇಕು ಅಂದದ್ದು ಇದೇ ಮೊದಲು. ಸಂಜೆಯ ಹೊತ್ತಿಗೆ ಗಾಜಿನ ಮೇಲೆ ಹರಳುಗಳು ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಎತ್ತರ, ಮಿಣಮಿಣ ಅಂದವು. ಕನೀಮ್ ಅಕ್ಕ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಇದು ಸಕ್ಕರೆ" ಅಂದರು.

ಕಾಗದ ಉದ್ದವಾಯಿತು. ಸಗಿನ್‌ಬೆಕ್ ಅಣ್ಣ ಹೊರಡಲು ಕಾಯುತ್ತಿದ್ದಾನೆ, ಅತ್ತೆ ಅವನಿಗೆ ಚಹಾ ಹಾಕಿ ಕೂರಿಸಿದ್ದಾರೆ. ದೇವರು ನಿಮ್ಮನ್ನು ಎತ್ತರದ ಹಲಗೆಗಳ ಮೇಲೂ ಹಿಮದ ದಾರಿಯಲ್ಲೂ ಕಾಪಾಡಲಿ. ಕೊರಳಿಗೆ ಶಾಲು ಸುತ್ತದೆ ಹೊರಗೆ ಹೋಗಬೇಡಿ. ಅತ್ತೆಯ ಆಶೀರ್ವಾದ, ಮಗಳ ಮುತ್ತು. ನಿಮ್ಮ ಕೋಣೆಯವರಿಗೆಲ್ಲ ಸಲಾಮು ಹೇಳಿ.

ನಿಮ್ಮ
ಉಲ್ಕಾನ್

ಮರೆತಿದ್ದು: ಟಿಕೆಟ್ ತೆಗೆಸಬೇಡಿ. ನಿನ್ನೆ ಕಾರ್ಖಾನೆಗೆ ಹೋಗಿ ಸಹಿ ಹಾಕಿದೆ, ಈ ಹಂಗಾಮು ಪೂರ್ತಿ ಎರಡನೇ ಪ್ಯಾನ್ ನನ್ನದು. ನಿಮ್ಮನ್ನು ಕೇಳದೆ ಹಾಕಿದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ, ನಾನು ಹೂಂ ಅನ್ನುತ್ತಿದ್ದೆ. ಇಷ್ಟುದ್ದ ಬರೆದದ್ದೆಲ್ಲ ಈ ಒಂದು ಮಾತಿಗೆ ಧೈರ್ಯ ಬರಲಿ ಎಂದು. ಹದಿನೆಂಟನೇ ತಾರೀಕು ಸೋಮವಾರ ನನ್ನ ಮೊದಲ ಪಾಳಿ. ಬೈಯುವುದಿದ್ದರೆ ಅದಕ್ಕೆ ಮುಂಚೆಯೇ ಫೋನ್ ಮಾಡಿ ಬೈದುಬಿಡಿ, ಕೋಣೆಯವರೆಲ್ಲ ಕೇಳಲಿ, ಪರವಾಗಿಲ್ಲ. ಆ ದಿನ ಮಾತ್ರ ಬೇಡ. ಆ ದಿನ ನನ್ನ ಕೈ ನಡುಗಬಾರದು.