ಲಾಳಿ ದಾಟುವಷ್ಟು ಹೊತ್ತು

ಇಳಕಲ್
೮-೭-೨೦೨೫, ಮಂಗಳವಾರ

ಮಗಳೇ ಸುಮಾ,

ನಿನಗೆ ಅವ್ವನ ಒಂದು ಮುತ್ತು, ಒಂದಿಷ್ಟು ಬೈಗುಳ. ಫೋನಿನಲ್ಲಿ ಬೈಯೋಣವೆಂದರೆ ನಿನ್ನ ಅಪ್ಪ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾರೆ. ಅದಕ್ಕೇ ಈ ಕಾಗದ. ನಾಳೆ ನೀನಿರುವ ವಿದ್ಯಾಗಿರಿಗೆ ಬರುವ ಪಕ್ಕದ ಮನೆಯ ಬಾನುಬಿಯ ಕೈಯಲ್ಲಿ ಕಳಿಸುತ್ತೇನೆ.

ನೀನೊಬ್ಬಳೇ ಕೂತು ಮಾಡಿದ ಆಲ್ಬಮ್ಮಿನ ಎಂಟೂ ಹಾಡು ಕೇಳಿದೆ. ನಮ್ಮ ಮನೆಯ ಹಳೇ ಆರ್ಗನ್ನಿನಲ್ಲಿ ಇಷ್ಟೆಲ್ಲ ಇತ್ತೇ ಎಂದು ಅತ್ತುಬಿಟ್ಟೆ. ಆದರೆ ಕೊನೆಯದು ನಿನ್ನದಲ್ಲ, ನನ್ನದು. ಯುಗಾದಿಗೆ ಬಂದಾಗ, ನೀನು ಮಲಗಿದ್ದೀ ಎಂದುಕೊಂಡು ನಾನು ನುಡಿಸಿದ್ದನ್ನು ಕಳ್ಳಿಯ ಹಾಗೆ ರೆಕಾರ್ಡ್ ಮಾಡಿಕೊಂಡು ಹೋಗಿದ್ದೀ. ಈಗ ಅದರ ಕೆಳಗೆ ನನ್ನ ಹೆಸರು ಹಾಕಲೇ ಎಂದು ಕೇಳುತ್ತೀ. ಹೆಸರಿಲ್ಲದೆ ಹೊರಗೆ ಬಿಡುವುದಿಲ್ಲ ಎಂಬ ಹಟ ಬೇರೆ.

ಬೇಡ. ಕಾರಣ ಹೇಳುತ್ತೇನೆ, ನಗಬೇಡ. ಕಮತಗಿಯಲ್ಲಿ ಮುಚ್ಚಿಹೋದ ನಾಟಕ ಕಂಪನಿಯಿಂದ ಕಾಲಲ್ಲಿ ತುಳಿದು ಗಾಳಿ ತುಂಬುವ ಆ ಆರ್ಗನ್ನನ್ನು ಅಪ್ಪ ನಿನಗೆಂದು ತಂದ ದಿನ, ಮೊದಲು ಅದರ ಮುಂದೆ ಕೂತವಳು ನಾನು. ನನ್ನವು ಸೀರೆ ನೇಯುವ ಕುಣಿಮಗ್ಗ ತುಳಿದ ಕಾಲು. ಒಂದು ತುಳಿದರೆ ಇನ್ನೊಂದು ಲಾಳಿ ದಾಟುವಷ್ಟು ಹೊತ್ತು ತಾನಾಗಿ ತಡೆಯುತ್ತದೆ. ಗಾಳಿ ಸಾಲದೆ ಆರ್ಗನ್ ಉಸಿರುಗಟ್ಟಿ ನರಳಿತು. ಅಪ್ಪ ಓಣಿಯವರೆದುರೇ ನಕ್ಕು, "ಏ, ಅದು ಸೀರಿ ನೇಯೂದಲ್ಲ, ಏಳ ಮ್ಯಾಲ" ಎಂದರು. ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ನಾನೂ ಆಣೆ ಹಾಕಿದೆ.

ಮುಟ್ಟದೆ ಇರಲಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ, ಅವರು ಮಧ್ಯಾಹ್ನ ಪೇಟೆಗೆ ಹೋದಾಗಲೆಲ್ಲ ನುಡಿಸಿದ್ದೇನೆ. ನನ್ನ ಪುಣ್ಯ, ನಾಲ್ಕಕ್ಕೆ ಬರುತ್ತೇನೆಂದವರು ಐದಕ್ಕೆ ಮೊದಲು ಬಂದದ್ದಿಲ್ಲ. ಹರಟೆಗೆ ಕೂತರೆ ಮನೆ ನೆನಪಿರುವುದಿಲ್ಲ ಎಂದು ಅದಕ್ಕೂ ಬೈದಿದ್ದೇನೆ. ಈ ವಯಸ್ಸಿನಲ್ಲಿ ಅವರೆದುರು ಆಣೆ ಮುರಿದವಳು ಎನಿಸಿಕೊಳ್ಳಲೇ? ಆ ಹಾಡು ನಿನ್ನದೆಂದೇ ಇರಲಿ. ನನಗೇನೂ ಬೇಸರವಿಲ್ಲ. ಹತ್ತು ಸಲ ಕೇಳಿದೆ, ಅಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ
ಕಾಳವ್ವ

ತಾ.ಕ.: ಕಾಗದ ಮಡಚುತ್ತಿದ್ದೆ, ಪಡಸಾಲೆಯಲ್ಲಿ ಅಪ್ಪನ ಫೋನಿನಿಂದ ಅದೇ ಹಾಡು ಬಂತು. ನೀನು ಅವರಿಗೂ ಕಳಿಸಿದ್ದೀ ಎಂದು ನನಗೇನು ಗೊತ್ತು. ಸುಮಾ ಚೆನ್ನಾಗಿ ನುಡಿಸಿದ್ದಾಳೆ ಎಂದೆ, ಮುಖ ತಿರುಗಿಸಿಕೊಂಡು. "ಇವು ಸುಮಾನ ಕಾಲಲ್ಲ, ನಿನ್ನವು," ಎಂದರು. "ದಿನಾ ಬಾಜೂಕ ಯಾಕೂಬಸಾಬರ ಕಟ್ಟಿ ಮ್ಯಾಲ ಕುಂತು ಕೇಳೇನಿ. ನೀ ನಿಲ್ಲಿಸಿದ ಮ್ಯಾಲೇ ಒಳಗ ಬರ್ತಿದ್ದೆ." ತಡವಾಗಿ ಬಂದರೆಂದು ನಾನು ಬೈದದ್ದನ್ನೆಲ್ಲ ಸುಮ್ಮನೆ ಬೈಸಿಕೊಂಡಿದ್ದಾರೆ, ನೋಡವ್ವ. ಹೆಸರು ಹಾಕು. ಅವರ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ ನಾನು, ಬರೆದೇ ಕೊಡುತ್ತೇನೆ: ಕಾಳವ್ವ ಯಮನೂರಪ್ಪ.