ಕೆಂಚಿಗೆ ನೀರು ಎರೆದದ್ದು

ನೇಮಕಲ್ಲು
6-10-2024

ಮಗಳು ಸುನೀತಾಗೆ,

ನಿನ್ನ ಅವ್ವ ಬೊಮ್ಮಕ್ಕ ಎರಡೂ ಕೈ ತುಂಬ ಮಾಡುವ ಆಶೀರ್ವಾದ. ಕೂಸಿಗೆ ಇನ್ನೂ ಒಂದು ಪಾಲು ಹೆಚ್ಚು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಅವರ ಬಾಯಿಯೂ ಹಾಗೇ ಇದೆ.

ಕಾಗದ ತಡವಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಒಂದಲ್ಲ ಒಂದು ಕೆಲಸ ಕರೆಯಿತು. ಕೈಯಲ್ಲಿ ಫೋನ್ ಇರುವಾಗ ಅತ್ತೆಗೆ ಕಾಗದದ ಹುಚ್ಚೇನು ಅಂತ ಅಳಿಯಂದಿರು ನಗಬಹುದು. ನಗಲಿ. ನಿಮ್ಮ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿ ಇಡುತ್ತೀರಿ. ನಾನು ನಿನಗೆ ಒಂದು ಮಾತು ಕೇಳಿದರೆ ನಿನ್ನ ಅತ್ತೆ ಕಾಟಮ್ಮನವರು ಎರಡು ಉತ್ತರ ಕೊಡುತ್ತಾರೆ. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ನನ್ನ ಕೈ ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒಬ್ಬಳೇ ಕೂತು ಓದು.

ನೀನು ಕಳಿಸಿದ ವಿಡಿಯೋ ನೋಡಿದೆ. ಕಾಟಮ್ಮನವರು ಕೂಸಿಗೆ ನೀರು ಹಾಕುತ್ತಿರುವುದು. ನೀಲಿ ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಅಂಗೈಯಷ್ಟು ನೀರು, ಮಾರುಕಟ್ಟೆಯಿಂದ ತಂದ ಬದನೆಕಾಯಿ ತೊಳೆದ ಹಾಗೆ ತೊಳೆಯುತ್ತಾರಲ್ಲೇ! ಎಣ್ಣೆ ತಿಕ್ಕಿದ್ದು ಕಾಣಲಿಲ್ಲ, ತಲೆ ದುಂಡಗೆ ತೀಡಿದ್ದು ಕಾಣಲಿಲ್ಲ. ಕೂಸು ಮಾತ್ರ ನಗುತ್ತಿತ್ತು. ಅದಕ್ಕೇನು ಗೊತ್ತು ಪಾಪ. ಈ ಊರಿನಲ್ಲಿ ಅರ್ಧ ಜನರ ತಲೆ ದುಂಡಗಿರುವುದು, ಮೂಗು ನೆಟ್ಟಗಿರುವುದು ನನ್ನ ಕೈಯಿಂದ. ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು ನಾನು ಎರೆದರೆ ಸಂಜೆಯವರೆಗೆ ಏಳುವುದಿಲ್ಲ ಅಂತ ಬೊಮ್ಮನಹಾಳಿನಿಂದ ಆಟೋ ಮಾಡಿಕೊಂಡು ಕರೆಯಲು ಬರುತ್ತಾರೆ. ನನ್ನ ಸ್ವಂತ ಮೊಮ್ಮಗನಿಗೆ ಎರೆಯುವುದು ಅಗಳಿಯ ಬೀಗತಿ. ಹೊಟ್ಟೆ ಉರಿಯುತ್ತದೆ, ಬರೆದೇಬಿಟ್ಟೆ. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕಿತ್ತು. ಡಾಕ್ಟರು ದೂರದ ಪ್ರಯಾಣ ಬೇಡ ಅಂದರು ಅಂತ ನೀನು ಹೇಳಿದೆ. ಆಯಿತು ಅಂದೆ. ಐದನೇ ತಿಂಗಳಿಗೆ ಕರೆದುಕೊಂಡು ಬರುತ್ತೀನಿ ಅಂದಿದ್ದೀಯಲ್ಲ, ಆ ಮಾತಿನ ಮೇಲೆ ಕೂತಿದ್ದೇನೆ.

ಈಗ ನಮ್ಮ ಮನೆಯ ಸುದ್ದಿ ಕೇಳು. ಕೆಂಚಿ ನಿನಗೆ ನೆನಪಿರಬೇಕು. ಕುರಿಹಿಂಡಿನ ಹಿಂದೆ ಸಾಮಾನು ಹೊರುತ್ತಿದ್ದ ಹಳೆ ಕುದುರೆ ಸತ್ತಾಗ ಇನ್ನೂ ಹಾಲು ಕುಡಿಯುತ್ತಿದ್ದ ಮರಿ. ಆಡಿನ ಹಾಲನ್ನು ಬಾಟಲಿಗೆ ಹಾಕಿ ಬೆಳೆಸಿದವಳು ನಾನು. ಈಗ ಹೊರೆ ಹೊರುವ ವಯಸ್ಸಿಗೆ ಬಂದಿದೆ. ಆದರೆ ಹೋದ ವರ್ಷ ಕಾಲುವೆಗೆ ಜಾರಿ ಬಿದ್ದು, ಹೊಟ್ಟೆಗೆ ಹಗ್ಗ ಹಾಕಿ ಎಳೆದು ತೆಗೆದಾಗಿನಿಂದ ನೀರು ಕಂಡರೆ ಆಗದು. ಬಾನಿಯಲ್ಲಿ ಕುಡಿಯುತ್ತದೆ, ಸರಿ. ಯಾರಾದರೂ ಚೊಂಬಿನಿಂದ ನೀರು ಚೆಲ್ಲಿದ ಸದ್ದಾದರೆ ಸಾಕು, ಕಣ್ಣು ಬೆಳ್ಳಗೆ ಮಾಡಿ ಗೂಟ ಕೀಳಲು ನಿಲ್ಲುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಮೈಗೆ ಉಣ್ಣೆ ಹುಳ ಹತ್ತಿ, ಬೆನ್ನಿನ ಮೇಲೆಲ್ಲ ಕೂದಲು ಉದುರಿ ಕಜ್ಜಿಯಾಯಿತು. ಪಶು ಡಾಕ್ಟರು ಬಂದು ನೋಡಿ, ತೆಲುಗಿನಲ್ಲಿ "ಒಳ್ಳಂತಾ ಕಡಗಾಲಮ್ಮಾ" ಅಂದರು. ಮೈಯೆಲ್ಲ ಚೆನ್ನಾಗಿ ತೊಳೆದು, ಔಷಧಿ ನೀರು ಹಾಕದಿದ್ದರೆ ಅದರ ಬೆನ್ನ ಮೇಲೆ ಕಂಬಳಿಯನ್ನೂ ಹಾಕುವ ಹಾಗಿಲ್ಲವಂತೆ. ದೀಪಾವಳಿ ಆದ ಮೇಲೆ ಹಿಂಡು ಮೇವಿಗೆ ದೂರ ಹೊರಡುತ್ತದೆ, ಸಾಮಾನು ಹೊರಲು ಕೆಂಚಿ ಬೇಕು. ನಿಮ್ಮಪ್ಪ ಒಂದೇ ಮಾತಿಗೆ ಅಂದರು, "ಹಿಂಡು ಹೊಂಡೋದ್ರಾಗ ಸರಿ ಆತು ಅಂದ್ರ ಸರಿ. ಇಲ್ಲಂದ್ರ ಬಳ್ಳಾರಿ ಮದುವಿ ಕುದುರಿಯವ್ರಿಗೆ ಕೊಟ್ಟು ಬಿಡ್ತೀನಿ." ಮದುವೆ ಕುದುರೆಯಂತೆ! ಬ್ಯಾಂಡಿನ ಸದ್ದಿಗೆ ಎದೆಯೊಡೆದು ಸಾಯುತ್ತದೆ ಅದು.

ನಿಮ್ಮಪ್ಪ ನಿನ್ನ ಚಿಕ್ಕವ್ವ ಮಂಜಮ್ಮನನ್ನು ಕೂಗಿ, "ನೀ ನೋಡ್ಕಳವ್ವಾ ಇದನ್ನ" ಅಂದರು. ನಾನು ಬಿಡಲಿಲ್ಲ. "ನೀರು ಎರೆಯೋ ಕೆಲಸ ಈ ಮನ್ಯಾಗ ನಂದು" ಅಂದೆ. ಅಂದ ರೀತಿಗೆ ಎಲ್ಲರೂ ನನ್ನ ಮುಖ ನೋಡಿದರು. ಅವತ್ತು ಅಷ್ಟು ಹಟ ಯಾಕೆ ಹಿಡಿದೆ ಅಂತ ಕೊನೆಗೆ ಹೇಳುತ್ತೇನೆ.

ನನಗೆ ಗೊತ್ತಿರುವುದು ಒಂದೇ ರೀತಿ. ಹಂಡೆಯಲ್ಲಿ ನೀರು ಕಾಯಿಸಿದೆ. ಕಡಲೆಹಿಟ್ಟು ಕಲಸಿದೆ. ಕೆಂಚಿಯನ್ನು ಬೇವಿನ ಮರಕ್ಕೆ ಹಗ್ಗ ಮೋಟು ಮಾಡಿ ಕಟ್ಟಿ, ಕುತ್ತಿಗೆಯನ್ನು ಕಂಕುಳಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಕೂಸುಗಳು ಮೊದಲ ಚೊಂಬಿಗೆ ಕಿರುಚುತ್ತವೆ. ನಾವು ನಿಲ್ಲಿಸಬಾರದು, ನೆತ್ತಿಯ ಮೇಲೆ ಒಂದೇ ಸಮನೆ ಸುರಿಯುತ್ತಿದ್ದರೆ ತಾವೇ ಸುಮ್ಮನಾಗುತ್ತವೆ. ಹಾಗೇ ಸುರಿದೆ. ಕುದುರೆ ಕೂಸಲ್ಲ ಅಂತ ಎರಡನೇ ಚೊಂಬಿಗೆ ಗೊತ್ತಾಯಿತು. ಅದು ಮುಂಗಾಲು ಎತ್ತಿತು, ಹಗ್ಗ ಹರಿಯಿತು, ಹಂಡೆ ಅಂಗಳದ ಆ ತುದಿಯವರೆಗೆ ಉರುಳಿತು, ನಾನು ಕೆಸರಲ್ಲಿ ಕೂತಿದ್ದೆ. ಸ್ನಾನ ಆದ ಮೇಲೆ ಹಾಕಲೆಂದು ಲೋಬಾನದ ಕೆಂಡ ಬೇರೆ ಸಿದ್ಧ ಮಾಡಿಟ್ಟಿದ್ದೆ. ಆ ಹೊಗೆ ನೋಡಿ ಇನ್ನೂ ಬೆದರಿ ಬೇಲಿ ಹಾರಿ ಹೋಯಿತು. ನಿಮ್ಮಪ್ಪ ಕಟ್ಟೆಯ ಮೇಲೆ ಕೂತು ಮಂಡಿ ಹಿಡಿದುಕೊಂಡು ನಕ್ಕರು. "ಕುದುರಿಗೂ ಬಾಣಂತನ ಮಾಡಾಕ ಹೊಂಟಿದ್ಯಾ? ತೊಟ್ಲಾನೂ ಕಟ್ಟಬೇಕಿತ್ತು!"

ಮಾರನೆಯ ದಿನದಿಂದ ನನ್ನ ಕೈಯಲ್ಲಿ ಚೊಂಬು ಇರಲಿ ಬಿಡಲಿ, ಕೆಂಚಿ ನನ್ನನ್ನು ಕಂಡರೆ ಹಿಂದೆ ಸರಿಯತೊಡಗಿತು. ಬಾಟಲಿ ಹಾಲು ಕುಡಿಸಿದ ಕೈ ಇದು. ಬಹಳ ನೋವಾಯಿತು ಸುನೀತಾ.

ಆಗ ಮಂಜಮ್ಮ ಶುರು ಮಾಡಿದಳು. ನಾನು ಕುರಿದೊಡ್ಡಿಯ ಒಳಗೆ ನಿಂತು ಸಂದಿಯಿಂದ ನೋಡಿದೆ. ಏನು ಮಾಡಿದಳು ಅಂತೀಯಾ? ಏನೂ ಇಲ್ಲ. ಕುದುರೆಯಿಂದ ಅಷ್ಟು ದೂರ ನಿಂತು ತನ್ನ ಕಾಲಿನ ಮೇಲೆ ತಾನೇ ನೀರು ಹಾಕಿಕೊಂಡಳು. ಒದ್ದೆ ಬಟ್ಟೆ ಹಿಂಡಿ ಹೆಗಲ ಮೇಲೆ ಹಾಕಿಕೊಂಡು ಹಾಗೇ ಕೂತಳು. ಕೆಂಚಿ ತಾನಾಗಿ ಬಂದು ಆ ಬಟ್ಟೆ ಮೂಸಿತು. ಇನ್ನೊಂದು ದಿನ ಅದೇ ಬಟ್ಟೆಯಿಂದ ಗೊರಸು ಮುಟ್ಟಿ, ಅದು ಹೆದರುವ ಮೊದಲೇ ಕೈ ತೆಗೆದಳು. ಇಷ್ಟಕ್ಕೆ ಮನೆಯಲ್ಲೆಲ್ಲ ಮಂಜಮ್ಮನ ಹೊಗಳಿಕೆ. ನಿಮ್ಮಪ್ಪ ಅಂತೂ, "ಅಕಿ ಕೈಗುಣ ನೋಡು" ಅಂತ ನನಗೇ ಕೇಳುವ ಹಾಗೆ ಹೇಳಿದರು. ನಾನು ಅವತ್ತು ಸಾರಿಗೆ ಉಪ್ಪು ಜಾಸ್ತಿ ಹಾಕಿದೆ. ಮರೆತಲ್ಲ, ಬೇಕಂತಲೇ ಹಾಕಿದೆ.

ಮುಂದಿನದನ್ನು ಯಾರಿಗೂ ಹೇಳಬೇಡ. ಎಲ್ಲರೂ ಹೊಲಕ್ಕೆ ಹೋದ ಒಂದು ಬೆಳಿಗ್ಗೆ ನಾನು ಹಗ್ಗದ ಮೇಲೆ ಒಣಗಿದ್ದ ಮಂಜಮ್ಮನ ಹಸಿರು ಸೀರೆ ಉಟ್ಟೆ. ಅವಳ ಹಾಗೇ ಸೆರಗು ಸಿಕ್ಕಿಸಿಕೊಂಡೆ. ಅವಳ ಹಾಗೇ ಬಾಯಲ್ಲಿ ಮೆಲ್ಲಗೆ "ಬಾ ಬಾ ಕೆಂಚಿ, ಬಾ ಬಾ" ಅಂದೆ. ಬಂತು ಕಣೇ! ಸೀರೆ ಮೂಸಿತು, ಹತ್ತಿರ ನಿಂತಿತು. ಗೆದ್ದೆ ಅಂದುಕೊಂಡು ಗಬಕ್ಕನೆ ಕುತ್ತಿಗೆ ತಬ್ಬಿ ಚೊಂಬು ಎತ್ತಿದೆ. ಮುಗಿಯಿತು. ಅದು ಹೋದ ರಭಸಕ್ಕೆ ಸೀರೆಯ ಸೆರಗು ಜಾಲಿ ಬೇಲಿಯ ಪಾಲಾಯಿತು. ತಿರುಗಿ ನೋಡಿದರೆ ಬುತ್ತಿ ಮರೆತು ವಾಪಸು ಬಂದ ಮಂಜಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ನಾನು ಅವಳ ಸೀರೆಯಲ್ಲಿ ನಿಂತಿದ್ದೇನೆ.

ನಕ್ಕಿದ್ದರೆ ಜಗಳ ಆಡುತ್ತಿದ್ದೆ. ನಗಲಿಲ್ಲ ಅವಳು. ಮುಳ್ಳಿನಿಂದ ಸೆರಗು ಬಿಡಿಸುತ್ತಾ, "ಸೀರಿ ಬ್ಯಾಡಕ್ಕಾ, ಕೈ ಸಡ್ಲ ಮಾಡು ಸಾಕು. ಹೋಗಾಕ ಹೊಂಟ್ರ ಇವ್ರು ಬಿಡ್ತಾರ ಅಂತ ಗೊತ್ತಾದ್ರ ಅದು ಎಲ್ಲೀಗೂ ಹೋಗಲ್ಲ" ಅಂದಳು. ಕೂಸಿಗೆ ಎರೆಯುವುದರಲ್ಲಿ ಕೈ ಸಡಿಲ ಬಿಟ್ಟರೆ ಜಾರಿ ಬೀಳುತ್ತದೆ ಅಂತ ನಮ್ಮವ್ವ ನನ್ನ ಬೆರಳ ಮೇಲೆ ಹೊಡೆದು ಕಲಿಸಿದ್ದಳು. ಈ ವಯಸ್ಸಲ್ಲಿ ಬೆರಳು ಬಿಚ್ಚು ಅಂದರೆ ಬಿಚ್ಚುತ್ತವಾ?

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಕುರಿಗಳು ಬಂದವು. ಇವತ್ತು ಮುಂದಕ್ಕೆ ಬರೆಯುತ್ತೇನೆ.

ಬೆರಳು ಬಿಚ್ಚಿದವು ಸುನೀತಾ. ಮಂಜಮ್ಮ ಪಕ್ಕದಲ್ಲಿ ಕೂತಳು, ನಾನು ಒದ್ದೆ ಬಟ್ಟೆ ಹಿಡಿದೆ. ಮೊದಲು ಗೊರಸು. ಮುಟ್ಟಿದೆ, ತೆಗೆದೆ. ಹಗ್ಗ ನೆಲದ ಮೇಲೆ ಸುಮ್ಮನೆ ಬಿದ್ದಿತ್ತು, ಕಟ್ಟಿರಲಿಲ್ಲ. ಎಷ್ಟೋ ಸಲ ಹೊರಟುಹೋಯಿತು. ಹಿಂದೆ ಓಡಬಾರದು ಅಂದಿದ್ದಳು, ಓಡಲಿಲ್ಲ. ಮತ್ತೆ ಬಂತು. ಗೊರಸಿನಿಂದ ಮಂಡಿಗೆ, ಮಂಡಿಯಿಂದ ಹೊಟ್ಟೆಗೆ ಬರುವ ಹೊತ್ತಿಗೆ ಮಹಾಲಯ ಅಮಾವಾಸ್ಯೆಯೂ ಕಳೆಯಿತು. ಚೊಂಬಿನ ನೀರನ್ನು ಮೊದಲು ನನ್ನ ಕೈಮೇಲೆ ಸುರಿದು, ಅಲ್ಲಿಂದ ಅದರ ಕಾಲಿಗೆ ಇಳಿಯಲು ಬಿಟ್ಟೆ. ಮೊದಮೊದಲು ಚರ್ಮ ನಡುಗುತ್ತಿತ್ತು. ನಾನು ಕೈ ತೆಗೆದು ನಿಂತುಕೊಳ್ಳುತ್ತಿದ್ದೆ.

ಮೊನ್ನೆ ಶುಕ್ರವಾರ ಬೆನ್ನಿಗೆ ಹಾಕಿದೆ. ಓಡಲಿಲ್ಲ. ತಲೆ ತಗ್ಗಿಸಿತು, ಬಾಯಿ ಚಪ್ಪರಿಸಿತು, ಒಂದು ದೊಡ್ಡ ಉಸಿರು ಬಿಟ್ಟಿತು. ಔಷಧಿ ನೀರು ಪೂರ್ತಿ ಹಾಕಿ ಮುಗಿಸಿದೆ. ತಲೆಗೆ ಹಾಕಲಿಲ್ಲ, ಒದ್ದೆ ಬಟ್ಟೆಯಿಂದ ಹಣೆ ಒರೆಸಿದೆ ಅಷ್ಟೇ. ನಿಮ್ಮಪ್ಪ ನೋಡುತ್ತಿದ್ದರು. ಈ ಸಲ ಎದ್ದು ಹೋಗಿ ಅದಕ್ಕೆ ಹುರುಳಿ ತಂದು ಹಾಕಿದರು. ಬಳ್ಳಾರಿ ಮಾತು ಮತ್ತೆ ಎತ್ತಿಲ್ಲ.

ಇಷ್ಟೆಲ್ಲ ಆದ ಮೇಲೆ ಆ ಮೂಳಿ ಏನು ಮಾಡಿತು ಗೊತ್ತಾ? ನಾನು ಮೈ ಒರೆಸಿ ಮುಗಿಸಿದ ಕೂಡಲೇ ಸೀದಾ ಹೋಗಿ ಮಂಜಮ್ಮನ ಹೆಗಲಿಗೆ ಮುಖ ಉಜ್ಜಿತು. ಸೊಂಟ ನೋಯಿಸಿಕೊಂಡವಳು ನಾನು, ಮುದ್ದು ಅವಳಿಗೆ. ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ಏನು ಮಾಡಲಿ, ನನ್ನ ಸ್ವಭಾವ ಇಷ್ಟೇ.

ನಮ್ಮೂರಿನ ಕದರಪ್ಪ ನಿಮ್ಮ ಮಡಕಶಿರಾ ಕಡೆ ಹೋಗುವವನಿದ್ದಾನೆ. ಅವನ ಕೈಯಲ್ಲಿ ಈ ಕಾಗದ, ನಿನಗೆ ಅಂಟಿನುಂಡೆ, ಕೂಸಿಗೆ ಸಣ್ಣ ಕಂಬಳಿ ಕಳಿಸುತ್ತಿದ್ದೇನೆ. ಮರಿಗಳ ಮೊದಲ ಉಣ್ಣೆಯದು, ಚುಚ್ಚುವುದಿಲ್ಲ, ನನ್ನ ಕೆನ್ನೆಗೆ ಉಜ್ಜಿ ನೋಡಿದ್ದೇನೆ. ಉಂಡೆಯನ್ನು ನೀನು ತಿನ್ನು, ಎಲ್ಲವನ್ನೂ ಹಂಚಿಬಿಡಬೇಡ. ನಿಮ್ಮ ರೇಷ್ಮೆಹುಳ ಈ ಸಲ ಚೆನ್ನಾಗಿ ಹಣ್ಣಾಗಿ ಗೂಡು ಕಟ್ಟಿದವಾ? ಅಳಿಯ ಗೋವರ್ಧನ್ ಅವರಿಗೆ ಕೇಳಿದೆ ಅಂತ ಹೇಳು. ಕಾಟಮ್ಮನವರಿಗೂ ನಮಸ್ಕಾರ ಹೇಳು, ಬದನೆಕಾಯಿ ಮಾತು ಬೇಡ. ನಿನ್ನ ಒಡಲು ತಂಪಾಗಿರಲಿ, ಕೂಸು ಮೈ ತುಂಬಿಕೊಳ್ಳಲಿ, ನಿಮ್ಮ ಮನೆಯ ಹಿತ್ತಲಲ್ಲಿ ಅದರ ಬಟ್ಟೆ ದಿನಾ ಒಣಗುತ್ತಿರಲಿ.

ಇಂತಿ ನಿನ್ನ ಅವ್ವ,
ಬೊಮ್ಮಕ್ಕ

ತಾ.ಕ.: ಹಟದ ಕಾರಣ ಹೇಳುತ್ತೇನೆ ಅಂದಿದ್ದೆ. ಪಶು ಡಾಕ್ಟರು ಬಂದ ಹಿಂದಿನ ದಿನ ಮಂಜಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ನಿನ್ನ ಜೊತೆ ಮಾತಾಡುತ್ತಿದ್ದಳು. ಕೈಗೆ ಬಿಡುವಿರಲಿಲ್ಲ ನೋಡು, ಅವಳೂ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಹುಲ್ಲು ತರಲು ಬಂದ ನಾನು ಗೋಡೆಯ ಈಚೆ ಇದ್ದೆ. "ಡಾಕ್ಟರು ಹೋಗಬ್ಯಾಡ ಅಂದೇ ಇಲ್ಲ ಚಿಕ್ಕವ್ವಾ. ಅವ್ವನ ಕೈಯಾಗ ಕೂಸು ಕೊಡಾಕ ನನಗ ಹೆದರಿಕಿ. ಅಕ್ಕಪಕ್ಕದ ಕೂಸುಗಳು ಅಕಿ ಕಾಲಮ್ಯಾಲ ಕಿರುಚೋದು ಕೇಳೇ ಬೆಳದೀನಿ. ಅವ್ವಗ ಹೇಳಬ್ಯಾಡ" ಅಂದೆ ನೀನು. ಮಂಜಮ್ಮ ಇವತ್ತಿನವರೆಗೂ ಹೇಳಿಲ್ಲ. ನನ್ನ ಕೈ ಎಂಥದು ಅಂತ ಈ ಮನೆಗೆಲ್ಲ ತೋರಿಸಬೇಕು ಅಂತಲೇ ನಾನು ಮಾರನೆಯ ದಿನ ಕೆಂಚಿಯ ಹಗ್ಗಕ್ಕೆ ಕೈ ಹಾಕಿದ್ದು. ತೋರಿಸಿದ್ದೂ ಆಯಿತು.

ಹೆದರಿದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಅವಳಿಗೆ ಹೇಳಿದೆ, ನನಗೆ ಹೇಳಲಿಲ್ಲ, ಅದು ಎದೆಯಲ್ಲಿ ಮುರಿದ ಮುಳ್ಳಾಗಿ ಕೂತಿದೆ. ಐದನೇ ತಿಂಗಳಿಗೆ ಬಾ. ಎರೆಯುವುದು ನೀನೇ ಎರೆ, ಬೇಕಾದರೆ ಆ ನೀಲಿ ಟಬ್ಬನ್ನೂ ತಾ. ನನಗೆ ಕೂಸಿನ ಪಾದ ಎರಡು ಕೊಡು, ಸಾಕು. ಅಲ್ಲಿಂದ ಶುರು ಮಾಡುತ್ತೇನೆ. ಅತ್ತರೆ ಕೈ ತೆಗೆಯುತ್ತೇನೆ.

ಬರುತ್ತೀಯೋ ಇಲ್ಲವೋ, ಮೊದಲು ನನಗೆ ಹೇಳು. ಮಂಜಮ್ಮನಿಗೆ ಆಮೇಲೆ ಹೇಳಿದರಾಯಿತು.